20 ಕೆಜಿ ಚೀಲ ಎತ್ತಿ ಎತ್ತಿ ಸೊಂಟ ಬಿದ್ದುಹೋಗಿದೆ, ಬೆಲ್ಟ್ ಕಟ್ಟಿದರೆ ಸಾಕಾ?

ಪ್ರಶ್ನೆ:
ಪ್ಯಾಲೆಟ್ (ಸರಕು ಪೇರಿಸುವ ತಗ್ಗು ಹಲಗೆ) ಮೇಲಿನ ಪುಡಿ ಚೀಲಗಳನ್ನು ಎತ್ತಿ ಹಾಪರ್‌ಗೆ, ಅಂದರೆ ಯಂತ್ರದ ಬಾಯಿಗೆ, ಸುರಿಯುವುದು ನನ್ನ ಕೆಲಸ. ಒಂದೊಂದು 20 ಕೆಜಿ. ಮೇಲಿನ ಸಾಲುಗಳು ಸಲೀಸು. ಕೆಳಗಿನ ಸಾಲಿನ ಆ ಕಡೆ ಮೂಲೆಯ ಚೀಲ ಇದೆಯಲ್ಲ, ಅದೇ ಪ್ರಾಣ ತಿನ್ನುವುದು. ಒಂದು ಮಂಡಿ ಪ್ಯಾಲೆಟ್ ಮೇಲೆ ಊರಿ, ಕೈ ಚಾಚಿ, ಚೀಲದ ಕಿವಿ ಹಿಡಿದು ಎಳೆದುಕೊಂಡು, ಹಾಗೇ ತಿರುಗಿ ಎತ್ತಬೇಕು. ಶಿಫ್ಟ್ ಮುಗಿಯುವಾಗ ಬೂಟಿನ ಲೇಸ್ ಬಿಚ್ಚಲೂ ಬಗ್ಗಲು ಆಗಲ್ಲ. ಸೂಪರ್‌ವೈಸರ್ ಸೊಂಟದ ಬೆಲ್ಟ್ ಕೊಡಿಸುತ್ತೇನೆ ಅಂದಿದ್ದಾರೆ. ಪ್ರಯೋಜನ ಇದೆಯಾ?

ಉತ್ತರ 1:
ನಾನು ಕಟ್ಟುತ್ತೇನೆ, ಹಾಯಾಗಿರುತ್ತದೆ. ತೆಗೊಳ್ಳಿ.

ಉತ್ತರ 2:
ಹಾಯ್ ಅನಿಸುವುದು ಬೇರೆ, ಪೆಟ್ಟು ತಪ್ಪುವುದು ಬೇರೆ. ಕೆಲಸಗಾರರ ಸುರಕ್ಷತೆ, ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ನಿಯೋಶ್ (NIOSH) ಸಂಸ್ಥೆ 1994ರಲ್ಲೇ ಇದನ್ನು ಪರಿಶೀಲಿಸಿ, ಆರೋಗ್ಯವಾಗಿರುವ ಕೆಲಸಗಾರರಿಗೆ ಬೆಲ್ಟ್ ಶಿಫಾರಸು ಮಾಡುವುದಿಲ್ಲ ಅಂತ ಹೇಳಿತ್ತು. ಬೆಲ್ಟ್ ಇದೆಯಲ್ಲ ಅನ್ನೋ ಧೈರ್ಯಕ್ಕೆ ಜಾಸ್ತಿ ಭಾರ ಎತ್ತುವ ಅಪಾಯವೂ ಇದೆ.

ತೂಕಕ್ಕಿಂತ ದೂರ ನೋಡಿ. ಎಷ್ಟು ಭಾರ ಎತ್ತಬಹುದು ಅನ್ನೋದಕ್ಕೆ ನಿಯೋಶ್‌ನದೇ ಒಂದು ಸೂತ್ರ ಇದೆ. ಎಲ್ಲ ಸರಿಯಾಗಿದ್ದರೆ, ಅಂದರೆ ಚೀಲ ಮೈಗೆ ಹತ್ತಿರ, ನೆಲದಿಂದ 75 ಸೆಂಮೀ ಎತ್ತರದಲ್ಲಿ, ತಿರುಗದೆ, ಆಗೊಮ್ಮೆ ಈಗೊಮ್ಮೆ ಎತ್ತುವುದಾದರೆ ಮಿತಿ 23 ಕೆಜಿ. ಕಾಲಿನ ಗಿಣ್ಣಿನಿಂದ ಹಿಡಿತಕ್ಕೆ ಅಡ್ಡ ಅಂತರ 25 ಸೆಂಮೀ ದಾಟಿದ ಕೂಡಲೇ ಮಿತಿ ಇಳಿಯಲು ಶುರು. 50 ಸೆಂಮೀ ಆದರೆ ಅರ್ಧ, 11.5 ಕೆಜಿ. ಅದರ ಮೇಲೆ ಹೆಚ್ಚುಕಮ್ಮಿ ನೆಲದ ಮಟ್ಟದಿಂದ ಎತ್ತುವುದು, 45 ಡಿಗ್ರಿ ತಿರುಗುವುದು ಸೇರಿಸಿದರೆ 8 ಕೆಜಿ ಸುತ್ತಮುತ್ತ ಬಂದು ನಿಲ್ಲುತ್ತದೆ, ನಿಮಿಷಕ್ಕೆ ಎಷ್ಟು ಸಲ ಎತ್ತುತ್ತೀರಿ ಅನ್ನೋದು ಇನ್ನೂ ಲೆಕ್ಕಕ್ಕೇ ಬಂದಿಲ್ಲ. ನೀವು ಎತ್ತುತ್ತಿರುವುದು 20!

ಸ್ಪ್ರಿಂಗ್ ಇರುವ, ತಿರುಗುವ ಲಿಫ್ಟ್ ಟೇಬಲ್ ಕೇಳಿ. ಭಾರ ಇಳಿದಂತೆ ಅದೇ ಮೇಲೇಳುತ್ತದೆ, ಆ ಕಡೆ ಮೂಲೆ ನಿಮ್ಮ ಹತ್ತಿರಕ್ಕೇ ಬರುತ್ತದೆ. ಬೆನ್ನು ನೆಟ್ಟಗಿಟ್ಟು ಮಂಡಿ ಬಗ್ಗಿಸಿ ಅನ್ನೋ ಪೋಸ್ಟರ್ ಅಂಟಿಸುವುದು ಸುಲಭ, ಆದರೆ ಮಂಡಿ ಬಗ್ಗಿಸಲು ಜಾಗವೇ ಇಲ್ಲದ ಕಡೆ ಪೋಸ್ಟರ್ ಏನು ಮಾಡುತ್ತದೆ?

ಉತ್ತರ 3:
ಮೊದಲು ಒಂದು ಮಾತು. ನೋವು ಕಾಲಿಗೆ ಇಳಿಯುತ್ತಿದ್ದರೆ, ಪಾದ ಜೋಮು ಹಿಡಿದರೆ ಡಾಕ್ಟರಿಗೆ ತೋರಿಸಿ. ಮೂತ್ರದ ಹಿಡಿತ ತಪ್ಪಿದರೆ ಅಥವಾ ತೊಡೆಸಂದಿಯಲ್ಲಿ ಸ್ಪರ್ಶ ಗೊತ್ತಾಗದಿದ್ದರೆ ಆ ಕ್ಷಣವೇ ಆಸ್ಪತ್ರೆಗೆ ಹೋಗಿ, ನಾಳೆ ನೋಡೋಣ ಅನ್ನಬೇಡಿ. ನಾನು ಬರೀ ಉಳುಕು ಅಂತ ಎರಡು ತಿಂಗಳು ಸುಮ್ನೆ ಎಣ್ಣೆ ತಿಕ್ಕಿಕೊಂಡೇ ಕೂತಿದ್ದೆ.

ಕೇಳಿದವರು:
ಕಾಲಿಗೆ ಇಳಿದಿಲ್ಲ, ಸದ್ಯ. ಇವತ್ತು ಟೇಪ್ ಹಿಡಿದು ಅಳೆದೆ. ಆ ಮೂಲೆಗೆ 62 ಸೆಂಮೀ. ಲೆಕ್ಕ ಹಾಕಿದರೆ ಬರೀ ದೂರಕ್ಕೇ ಮಿತಿ 9 ಕೆಜಿಗೆ ಬಂತು. ಸೂಪರ್‌ವೈಸರ್‌ಗೆ ಬರೆದು ತೋರಿಸಿದೆ. ಟೇಬಲ್‌ಗೆ ಸಮಯ ಬೇಕಂತೆ. ಅಲ್ಲಿವರೆಗೆ ಅರ್ಧ ಖಾಲಿಯಾದ ಮೇಲೆ ಪ್ಯಾಲೆಟ್ ಜಾಕ್‌ನಲ್ಲಿ (ಪ್ಯಾಲೆಟ್ ಎತ್ತಿ ಸರಿಸುವ ಕೈಗಾಡಿ) ಪ್ಯಾಲೆಟ್ ತಿರುಗಿಸಿಕೊಳ್ಳಲು ಒಪ್ಪಿದ್ದಾರೆ. ಬೆಲ್ಟ್ ಮಾತ್ರ ಆಗಲೇ ಆರ್ಡರ್ ಆಗಿದೆಯಂತೆ 😄