ಹಳೇಬೀಡಿನ ಆನೆ ಸಾಲು: ಮೋಕಾದಲ್ಲಿ ಟ್ರ್ಯಾಕ್ ಮಾಡಿದರೂ ಗೋಡೆ ಜಾರುತ್ತಿದೆ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಹೋದ ವಾರ ಹಳೇಬೀಡಿಗೆ ಹೋಗಿ ಹೊಯ್ಸಳೇಶ್ವರ ದೇವಸ್ಥಾನದ ಹೊರಗೋಡೆಯನ್ನು ಫೋನಿನಲ್ಲಿ ಶೂಟ್ ಮಾಡಿಕೊಂಡು ಬಂದೆ. ಟ್ರೈಪಾಡ್ ಇರಲಿಲ್ಲ, ನಿಂತಲ್ಲೇ ಕೈಯಲ್ಲಿ ಹಿಡಿದು ತೆಗೆದದ್ದು. ತೀರಾ ಕೆಳಗಿನ ಆನೆ ಸಾಲಿನ 14 ಸೆಕೆಂಡಿನ ಒಂದು ಶಾಟ್ ಅಲ್ಲಾಡದೆ ನಿಲ್ಲಬೇಕು. ಎಡಿಟರ್‌ನಲ್ಲಿರುವ ಆಟೊ ಸ್ಟೆಬಿಲೈಸರ್ ಹಾಕಿದರೆ ಕಲ್ಲೇ ನೀರೊಳಗಿದ್ದ ಹಾಗೆ ಬಳುಕುತ್ತದೆ. ಅದಕ್ಕೇ ಆಫ್ಟರ್ ಎಫೆಕ್ಟ್ಸ್ (ವಿಡಿಯೊ ಎಫೆಕ್ಟ್ಸ್ ತಂತ್ರಾಂಶ) ಜೊತೆ ಬರುವ, ಚಿತ್ರದ ಒಂದು ಭಾಗದ ಚಲನೆಯನ್ನು ಫ್ರೇಮಿನಿಂದ ಫ್ರೇಮಿಗೆ ಹಿಂಬಾಲಿಸುವ (ಟ್ರ್ಯಾಕ್ ಮಾಡುವ) ಮೋಕಾ ತೆರೆದು, ಫ್ರೇಮಿನಲ್ಲಿ ಕಾಣುವ ಗೋಡೆಯಷ್ಟಕ್ಕೂ ಒಂದು ದೊಡ್ಡ ಶೇಪ್ (ಗೆರೆಯ ಆವರಣ) ಹಾಕಿ, ಪರ್ಸ್ಪೆಕ್ಟಿವ್ (ನೋಟದ ಕೋನದ ಬದಲಾವಣೆ) ಸೇರಿ ಎಲ್ಲ ಬಗೆಯ ಚಲನೆಗೂ ಟಿಕ್ ಕೊಟ್ಟು ಟ್ರ್ಯಾಕ್ ಮಾಡಿದೆ. ಐದು ಸೆಕೆಂಡ್ ಚೆನ್ನಾಗಿ ನಿಲ್ಲುತ್ತದೆ. ಆಮೇಲೆ ಮೆಲ್ಲಗೆ ಬಲಕ್ಕೆ ವಾಲುತ್ತದೆ. 9ನೇ ಸೆಕೆಂಡಿನಲ್ಲಿ ಕೆಂಪು ಸೀರೆಯವರೊಬ್ಬರು ಮುಂದೆ ಹಾದುಹೋಗುತ್ತಾರೆ, ಆಗ ಇಡೀ ಗೋಡೆ ಅವರ ಜೊತೆ ಎಳೆದುಕೊಂಡು ಹೋಗುತ್ತದೆ. ಎರಡು ರಾತ್ರಿಯಿಂದ ಇದರ ಮುಂದೆಯೇ ಕೂತಿದ್ದೇನೆ. ಎಲ್ಲಿ ತಪ್ಪುತ್ತಿದೆ?

ಉತ್ತರ

ಶೇಪ್‌ನಲ್ಲೇ ತಪ್ಪಿದೆ ಸರ್. ಆ ಗೋಡೆ ನೋಡಲು ಒಂದೇ ಅನ್ನಿಸಿದರೂ ನಕ್ಷತ್ರದ ಹಾಗೆ ಒಳಗೆ ಹೊರಗೆ ಮಡಚಿಕೊಂಡು ಹೋಗಿದೆ, ಅಲ್ವಾ? ಒಂದೊಂದು ಮಡಿಕೆಯೂ ಬೇರೆ ಸಮತಲ. ಮೋಕಾ ಶೇಪ್ ಒಳಗಿರುವುದೆಲ್ಲ ಒಂದೇ ಚಪ್ಪಟೆ ಹಲಗೆ ಅಂದುಕೊಂಡು ಲೆಕ್ಕ ಹಾಕುತ್ತದೆ. ನೀವು ನಿಂತಲ್ಲೇ ಸ್ವಲ್ಪ ತೂಗಿದರೂ ಪಕ್ಕದ ಮುಖಗಳು ಒಂದರ ಮುಂದೊಂದು ಸರಿಯುತ್ತವೆ. ಆ ಗೊಂದಲವೇ ನಿಮಗೆ ವಾಲಿಕೆಯಾಗಿ ಕಾಣುವುದು.

ಕ್ಯಾಮೆರಾಗೆ ನೇರ ಎದುರಿರುವ ಒಂದೇ ಮುಖ ಆರಿಸಿಕೊಳ್ಳಿ. ಎರಡು ಆನೆಗಳಷ್ಟು ಅಗಲ ಸಾಕು, ಮೇಲಿನ ಸಾಲಿನ ಸಿಂಹಗಳೂ ಅರ್ಧ ಸಿಕ್ಕರೆ ಒಳ್ಳೆಯದು. ಮೂಲೆಯ ಅಂಚು ಶೇಪ್ ಒಳಗೆ ಬರಲೇಬಾರದು. ಟ್ರಾನ್ಸ್‌ಲೇಶನ್ (ಸರಿಯುವುದು), ಸ್ಕೇಲ್ (ಹಿಗ್ಗುವುದು ಕುಗ್ಗುವುದು), ರೊಟೇಶನ್ (ತಿರುಗುವುದು) ಮಾತ್ರ ಇಟ್ಟು ಶಿಯರ್ (ಓರೆಯಾಗಿ ಎಳೆಯುವುದು), ಪರ್ಸ್ಪೆಕ್ಟಿವ್ ತೆಗೆಯಿರಿ. ನಿಂತು ತೆಗೆದ ಶಾಟ್‌ಗೆ ಅವು ಸುಮ್ನೆ ಹೊರೆ.

ಸೀರೆಯವರ ಸುತ್ತ ಇನ್ನೊಂದು ಲೇಯರ್ ಮಾಡಿ, ಅದನ್ನು ಗೋಡೆಯ ಲೇಯರ್‌ಗಿಂತ ಮೇಲಿಡಿ. ಮೇಲಿನ ಲೇಯರ್ ಮುಚ್ಚಿದಷ್ಟು ಜಾಗವನ್ನು ಕೆಳಗಿನ ಟ್ರ್ಯಾಕ್ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅವರು ಇರುವ ಫ್ರೇಮುಗಳಲ್ಲಿ ಶೇಪನ್ನು ಕೈಯಲ್ಲೇ ಸರಿಸಿದರೂ ನಡೆಯುತ್ತದೆ, ನೆರಳಿಗೂ ಸೇರಿಸಿ ಸ್ವಲ್ಪ ಜಾಸ್ತಿಯೇ ಬಿಡಿ.

ಕೇಳಿದವರು

ತುಂಬಾ ಧನ್ಯವಾದ ಸರ್, ಮೋಕಾ ಒಳಗೆ ಈಗ ಸರ್ಫೇಸ್ ಚೌಕ (ಟ್ರ್ಯಾಕ್ ಸರಿ ಇದೆಯೇ ಎಂದು ತೋರಿಸುವ ಚೌಕ) ಆನೆಯ ಸೊಂಡಿಲಿಗೆ ಅಂಟಿಕೊಂಡೇ ಇದೆ, ಸೀರೆಯವರು ಹೋದರೂ ಕದಲುವುದಿಲ್ಲ! ಆದರೆ ಆ ಟ್ರ್ಯಾಕ್‌ನ ಡೇಟಾವನ್ನು ಆಫ್ಟರ್ ಎಫೆಕ್ಟ್ಸ್‌ಗೆ ತಂದು ಶಾಟ್‌ನ ಲೇಯರ್ ಮೇಲೆ ಪೇಸ್ಟ್ ಮಾಡಿದರೆ ಅಲುಗಾಟ ಮೊದಲಿಗಿಂತ ಎರಡು ಪಟ್ಟಾಗಿದೆ.

ಉತ್ತರ

ಎಕ್ಸ್‌ಪೋರ್ಟ್ ಟ್ರ್ಯಾಕಿಂಗ್ ಡೇಟಾ ಕಿಟಕಿಯಲ್ಲಿ ಇನ್ವರ್ಟ್ ಅಂತ ಒಂದು ಟಿಕ್ ಇದೆ, ಅದು ಬಿಟ್ಟುಹೋಗಿದೆ. ಇಲ್ಲದಿದ್ದರೆ ಗೋಡೆ ಹೋದ ಕಡೆಗೇ ಲೇಯರ್ ಕೂಡ ಹೋಗುತ್ತದೆ. ನಮಗೆ ಬೇಕಾದದ್ದು ಅದರ ಉಲ್ಟಾ. ಟ್ರಾನ್ಸ್‌ಫಾರ್ಮ್ ಡೇಟಾ ಆರಿಸಿ, ಇನ್ವರ್ಟ್ ಕೊಟ್ಟು ಕಾಪಿ ಮಾಡಿ, ಶಾಟ್‌ನ ಮೊದಲ ಫ್ರೇಮಿನಲ್ಲಿ ನಿಂತು ಪೇಸ್ಟ್ ಮಾಡಿ. ಬೇರೆ ಫ್ರೇಮಿನಲ್ಲಿ ಪೇಸ್ಟ್ ಮಾಡಿದರೆ ಎಲ್ಲ ಕೀಫ್ರೇಮುಗಳೂ (ಚಲನೆಯ ಬೆಲೆ ದಾಖಲಾದ ಫ್ರೇಮುಗಳು) ಅಷ್ಟು ಹಿಂದೆಮುಂದೆ ಆಗಿಬಿಡುತ್ತವೆ.

ಇನ್ನೊಬ್ಬರು

ಫೋನ್ ಫೈಲ್ ಅಂದರೆ ಫ್ರೇಮ್ ರೇಟ್ ಕೂಡ ನೋಡಿಕೊಳ್ಳಿ. ಬಹಳ ಫೋನುಗಳಲ್ಲಿ ಅದು ಒಂದೇ ಸಮ ಇರುವುದಿಲ್ಲ. ವಿಡಿಯೊ ಪರಿವರ್ತಿಸುವ ಹ್ಯಾಂಡ್‌ಬ್ರೇಕ್ ತಂತ್ರಾಂಶದಲ್ಲಿ ಕಾನ್ಸ್ಟಂಟ್ (ಒಂದೇ ಸಮನಾದ) ಫ್ರೇಮ್ ರೇಟ್‌ಗೆ ಬದಲಿಸಿ, ಆ ಫೈಲನ್ನೇ ಟ್ರ್ಯಾಕ್ ಮಾಡಿ. ಇನ್ನು ಕೈ ನಡುಗಿದ ಫ್ರೇಮಿನ ಮಸುಕು ಯಾವ ಟ್ರ್ಯಾಕಿಂಗ್‌ನಿಂದಲೂ ಹೋಗುವುದಿಲ್ಲ, ಚಿತ್ರ ನಿಂತ ಮೇಲೆ ಅದೇ ಎದ್ದು ಕಾಣುತ್ತದೆ. ಮುಂದಿನ ಸಲ ಬಿಸಿಲಿದ್ದಾಗ ಶಟರ್ 1/250 ಸೆಕೆಂಡಿನ ಆಸುಪಾಸಿನಲ್ಲಿಟ್ಟು ತೆಗೆಯಿರಿ.

ಕೇಳಿದವರು

ನಿಂತಿತು! ಇನ್ವರ್ಟ್ ಒಂದೇ ಬಾಕಿ ಇತ್ತು. ಫ್ರೇಮ್ ರೇಟ್ ಕೂಡ ಸರಿಮಾಡಿಕೊಂಡೆ. ಅಂಚಿನಲ್ಲಿ ಕಪ್ಪು ಪಟ್ಟಿ ಬರುತ್ತಿತ್ತು. ಶೂಟ್ ಮಾಡಿದ್ದು 4ಕೆಯಲ್ಲಿ ಆದ್ದರಿಂದ, ಆ ಕಾಂಪೊಸಿಶನ್ (ಆಫ್ಟರ್ ಎಫೆಕ್ಟ್ಸ್‌ನಲ್ಲಿ ಶಾಟ್ ಇಡುವ ಚೌಕಟ್ಟು) ಅನ್ನು ಹಾಗೆಯೇ 1080ರ ಇನ್ನೊಂದು ಕಾಂಪೊಸಿಶನ್ ಒಳಗೆ ಹಾಕಿ 60% ಮಾಡಿದೆ, ಪಟ್ಟಿ ಹೊರಗೆ ಹೋಯಿತು, ಕೆತ್ತನೆಯ ಚೂಪೂ ಹಾಗೇ ಉಳಿಯಿತು. ಈಗ ಎರಡನೇ ಆನೆಯ ಕೊರಳಿನ ಗಂಟೆ ಕೂಡ ಬಿಡಿಸಿ ಕಾಣುತ್ತಿದೆ. ಪಕ್ಕದ ಮಡಿಕೆ ಒಂಚೂರು ಸರಿಯುತ್ತದೆ, ಅದು ಇರಲಿ ಬಿಡಿ.