13 ಹಲ್ಲಿನ ಸ್ಪ್ರಾಕೆಟ್ ನಾಲ್ಕೇ ತಿಂಗಳಲ್ಲಿ ಕೊಕ್ಕೆಯಾಗಿದೆ, ಚೈನ್ ಹಾರುತ್ತಿದೆ: ಅಳತೆ ಸರಿ ಉಂಟಲ್ಲ?

ಮಲ್ಪೆ_ಮೆಂಟೆನೆನ್ಸ್

ಮಲ್ಪೆ ಬಂದರಿನ ಹತ್ತಿರದ ಐಸ್ ಪ್ಲಾಂಟ್. ಐಸ್ ಬ್ಲಾಕನ್ನು ಕ್ರಷರಿಗೆ ಏರಿಸುವ ಕನ್ವೇಯರಿನ ಡ್ರೈವ್ ಬಗ್ಗೆ ಪ್ರಶ್ನೆ.

ಗೇರ್ ಮೋಟರ್ 2.2 ಕಿಲೋವ್ಯಾಟ್, ಔಟ್‌ಪುಟ್ 60 ಆರ್‌ಪಿಎಂ, ಶಾಫ್ಟ್ 40 ಮಿಮೀ. ಹೆಡ್ ಶಾಫ್ಟ್ 20 ಆರ್‌ಪಿಎಂ. ಚೈನ್ 1 ಇಂಚು ಪಿಚ್ (ಒಂದು ರೋಲರಿನಿಂದ ಮುಂದಿನದಕ್ಕೆ ಇರುವ ದೂರ), ಸಿಂಪ್ಲೆಕ್ಸ್ (ಒಂದೇ ಸಾಲು), 90 ಲಿಂಕ್. ಸಣ್ಣ ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲಿನ ಚಕ್ರ) 13 ಹಲ್ಲು, ದೊಡ್ಡದು 39. ಎರಡೂ ಎಂಎಸ್ (ಮೈಲ್ಡ್ ಸ್ಟೀಲ್) ಪ್ಲೇಟಿನಲ್ಲಿ ಇಲ್ಲೇ ಮಾಡಿಸಿದ್ದು, ಸಣ್ಣದರ ಬಾಸ್ (ಶಾಫ್ಟಿನ ಮೇಲೆ ಕೂರುವ ನಡುವಿನ ದಪ್ಪ ಭಾಗ) 35 ಮಿಮೀ ಉದ್ದ. ಸೆಂಟರ್ ದೂರ ಸುಮಾರು 800, ಮೋಟರ್ ಬೇಸಿನ ಸ್ಲಾಟಿನಲ್ಲಿ 25 ಮಿಮೀ ಆಚೀಚೆ ಸರಿಸಬಹುದು.

ಹೊಸತರಲ್ಲಿ ಒಂದು ವಾರ ಟಕ್ ಟಕ್ ಶಬ್ದ ಜೋರಾಗಿತ್ತು. ತಿಂಗಳಾಗುವಾಗ ಶಬ್ದ ತಾನಾಗಿ ನಿಂತಿತು. ನಾಲ್ಕನೇ ತಿಂಗಳಿಗೆ ಸಣ್ಣ ಸ್ಪ್ರಾಕೆಟಿನ ಹಲ್ಲು ಒಂದೇ ಬದಿಗೆ ಕೊಕ್ಕೆಯ ಹಾಗೆ ಸವೆದು, ಲೋಡ್ ಬಿದ್ದಾಗ ಚೈನ್ ಹಲ್ಲಿನ ಮೇಲೆ ಹತ್ತಿ ಹಾರುತ್ತದೆ. ಅದೇ ಡ್ರಾಯಿಂಗಿನಲ್ಲಿ ಮಾಡಿಸಿಟ್ಟ ಸ್ಪೇರ್ ಒಂದುಂಟು. ವರ್ನಿಯರಿನಲ್ಲಿ ಬುಡದಿಂದ ಎದುರು ಬುಡಕ್ಕೆ ಅಳೆದರೆ 90.25 ಬರುತ್ತದೆ, ಡ್ರಾಯಿಂಗಿನ ರೂಟ್ ಡಯಾ (ಹಲ್ಲುಗಳ ಬುಡ ಮುಟ್ಟುವ ವೃತ್ತದ ವ್ಯಾಸ) 90.26. ಅಳತೆ ಸರಿ ಉಂಟಲ್ಲ, ಮತ್ತೆ ತಪ್ಪು ಎಲ್ಲಿ? ಜೂನ್ 1ರಿಂದ ಜುಲೈ 31ರ ಟ್ರಾಲಿಂಗ್ ರಜೆಯಲ್ಲಿ ಇಡೀ ಡ್ರೈವ್ ಬದಲಿಸುವ ಯೋಚನೆ. ಗಾರ್ಡಿನ ಒಳಗೆ 460 ಮಿಮೀ ಜಾಗ ಸಿಗುತ್ತದೆ.

ಪಿಚ್‌ಲೈನ್

ಅಳತೆ ಸರಿ ಇಲ್ಲ ಮಾರಾಯ್ರೇ, ತಪ್ಪು ಅಲ್ಲೇ ಇರುವುದು.

13 ಬೆಸ ಸಂಖ್ಯೆ. ಬೆಸ ಹಲ್ಲಿನ ಚಕ್ರದಲ್ಲಿ ಒಂದು ಬುಡದ ನೇರ ಎದುರಿಗೆ ಬುಡ ಇರುವುದಿಲ್ಲ, ಹಲ್ಲು ಇರುತ್ತದೆ. ವರ್ನಿಯರ್ ಕೂರುವುದು ಸ್ವಲ್ಪ ಓರೆಯಾಗಿರುವ ಪಕ್ಕದ ಬುಡಕ್ಕೆ. ಆದ್ದರಿಂದ ಅಲ್ಲಿ ನಿಜವಾದ ರೂಟ್ ಡಯಾಕ್ಕಿಂತ ಕಡಿಮೆ ಬರಬೇಕು. ಲೆಕ್ಕ ಹೀಗೆ:

ಪಿಚ್ ಸರ್ಕಲ್ (ರೋಲರ್ ಕೇಂದ್ರಗಳ ವೃತ್ತದ ವ್ಯಾಸ) = ಪಿಚ್ ÷ ಸೈನ್(180/ಹಲ್ಲು) = 25.4 ÷ ಸೈನ್ 13.846° = 106.14
ರೂಟ್ ಡಯಾ = 106.14 − ರೋಲರ್ 15.88 = 90.26
ವರ್ನಿಯರಿಗೆ ಸಿಗಬೇಕಾದ್ದು = 106.14 × ಕಾಸ್(90/13) − 15.88 = 89.49

ನಿಮಗೆ 90.25 ಸಿಕ್ಕಿದೆ ಎಂದರೆ ಬುಡ 0.77 ಮಿಮೀ ದೊಡ್ಡದಾಗಿ ಕೂತಿದೆ. ಈ ಸೈಜಿಗೆ ಬಿಡುವ ಟಾಲರೆನ್ಸ್ ಮೇಲಕ್ಕೆ ಸೊನ್ನೆ, ಕೆಳಕ್ಕೆ 0.25. ದೊಡ್ಡದಾಗಲಿಕ್ಕೆ ಅವಕಾಶವೇ ಇಲ್ಲ. ಲೇತಿನವರು ಡ್ರಾಯಿಂಗಿನ 90.26ನ್ನು ನೋಡಿ ವರ್ನಿಯರಿನಲ್ಲಿ ಅಷ್ಟೇ ಬರಿಸಿದ್ದಾರೆ. ತಪ್ಪು ಅವರದ್ದಲ್ಲ, ವರ್ನಿಯರ್ ಅಳತೆಯನ್ನು ಬೇರೆಯಾಗಿ ಬರೆಯದ ಡ್ರಾಯಿಂಗಿನದ್ದು.

ಪರಿಣಾಮ: ರೋಲರ್ ಕೂರುವ ವೃತ್ತ 106.91 ಆಯಿತು, ಚಕ್ರದ ಪಿಚ್ 25.4ರ ಬದಲು 25.59 ಆಯಿತು, ಅಂದರೆ 0.7% ಹೆಚ್ಚು. ಹೊಸ ಚೈನಿನ ಪಿಚ್ 25.4, ಹಾಗಾಗಿ ರೋಲರುಗಳು ಒಟ್ಟಿಗೆ ತಳಕ್ಕೆ ಕೂರದೆ ಒಂದೆರಡು ಹಲ್ಲಿನ ಮೇಲೆ ಪೂರ್ತಿ ಎಳೆತ ಬಿತ್ತು. ಅದೇ ನಿಮ್ಮ ಟಕ್ ಟಕ್. ಚೈನ್ ಸವೆದು 0.7% ಉದ್ದವಾದಾಗ ಎರಡೂ ಹೊಂದಿಕೊಂಡವು, ಶಬ್ದ ನಿಂತಿತು. ಆ ಹೊತ್ತಿಗೆ ಎಂಎಸ್ ಹಲ್ಲು ತಿಂದಾಗಿತ್ತು. ಆಮೇಲೆ ಚೈನ್ ಇನ್ನೂ ಉದ್ದವಾಗುತ್ತ ಹೋಯಿತು.

39 ಹಲ್ಲಿನದ್ದಕ್ಕೂ ಇದೇ ತಪ್ಪು ಆಗಿರಬಹುದು, ಆದರೆ ಅಲ್ಲಿ ವ್ಯತ್ಯಾಸ 0.26 ಮಿಮೀ ಮಾತ್ರ, ಪಿಚ್ಚಿಗೆ 0.08%. ಅದು ತೊಂದರೆ ಕೊಡುವುದಿಲ್ಲ. ಹಲ್ಲು ಕಡಿಮೆಯಾದಷ್ಟೂ ಈ ತಪ್ಪು ದೊಡ್ಡದು.

ಚೈನ್ ಎಷ್ಟು ಎಳೆದಿದೆ ಎಂದು 20 ಪಿಚ್ ಅಳೆದು ಹೇಳಿ. ಹೊಸತಾದರೆ 508 ಬರಬೇಕು.

ಯೆಯ್ಯಾಡಿ ಟರ್ನರ್

ಅದರ ಜೊತೆಗೆ ಚೈನಿನ ಪ್ಲೇಟಿನ ಮೇಲೆ ಏನು ಅಚ್ಚಾಗಿದೆ ನೋಡಿ, 16ಬಿ ಎಂದೋ 80 ಎಂದೋ (ಎರಡು ಬೇರೆ ಸ್ಟಾಂಡರ್ಡಿನ ಚೈನ್ ನಂಬರ್). ಎರಡಕ್ಕೂ ಪಿಚ್ 25.4, ರೋಲರ್ 15.88, ಅಂಗಡಿಯಲ್ಲಿ ಎರಡಕ್ಕೂ "ಒಂದಿಂಚು ಚೈನ್" ಎನ್ನುತ್ತಾರೆ. ಒಳ ಅಗಲ ಬೇರೆ: 16ಬಿಗೆ 17.02, 80ಕ್ಕೆ 15.75. 16ಬಿ ಲೆಕ್ಕದಲ್ಲಿ 16 ಮಿಮೀ ದಪ್ಪ ಮಾಡಿದ ಹಲ್ಲು 80ರ ಒಳಗೆ ಇಳಿಯುವುದೇ ಇಲ್ಲ, ಒತ್ತಿ ಕೂರಿಸಿದರೆ ಪ್ಲೇಟ್ ಉಜ್ಜಿ ಹಲ್ಲಿನ ಬದಿ ಹೊಳೆಯುತ್ತದೆ.

ಮಲ್ಪೆ_ಮೆಂಟೆನೆನ್ಸ್

ಚೈನಿನಲ್ಲಿ 16ಬಿ ಎಂದೇ ಉಂಟು. ಹಲ್ಲಿನ ಬದಿಯಲ್ಲಿ ಹೊಳಪು ಇಲ್ಲ. 20 ಪಿಚ್ಚಿಗೆ 515 ಮಿಮೀ ಬಂತು. ಸ್ಪೇರಿನಲ್ಲಿ ಎರಡು ಬುಡಕ್ಕೆ 5/8 ಇಂಚಿನ ಬ್ರೈಟ್ ಬಾರಿನ ತುಂಡು ಇಟ್ಟು ಹೊರಗಿನಿಂದ ಅಳೆದೆ, 122.0.

ಪಿಚ್‌ಲೈನ್

ತುಂಡು ಇಟ್ಟು ಅಳೆದದ್ದು ಒಳ್ಳೆಯದಾಯಿತು. 13 ಹಲ್ಲಿಗೆ 121.25 ಬರಬೇಕಿತ್ತು. ಅದೇ ಮುಕ್ಕಾಲು ಮಿಮೀ ಮತ್ತೆ ಸಿಕ್ಕಿತು. ಆ ಸ್ಪೇರ್ ಹಾಕಬೇಡಿ.

515 ಎಂದರೆ 1.4% ಎಳೆತ. ಬದಲಿಸುವ ಮಿತಿ 2%, ಅಂದರೆ 518 ಮಿಮೀ. ಇಷ್ಟಕ್ಕೇ 13 ಹಲ್ಲಿನ ಮೇಲೆ ಚೈನ್ ಹಾರಬಾರದು. ಆದರೆ 90 ಲಿಂಕಿಗೆ 1.4% ಎಂದರೆ 32 ಮಿಮೀ ಹೆಚ್ಚುವರಿ ಉದ್ದ. ಮೋಟರನ್ನು ಹಿಂದೆ ಎಳೆಯದೆ ಬಿಟ್ಟಿದ್ದರೆ ಸಡಿಲು ಬದಿ ಹತ್ತಿರ ಹತ್ತಿರ 100 ಮಿಮೀ ಜೋಲುತ್ತದೆ. ಕೊಕ್ಕೆ ಹಲ್ಲು ರೋಲರನ್ನು ಬಿಡದೆ ಕೆಳಗೆ ಎಳೆದೊಯ್ಯುತ್ತದೆ, ಜೋಲು ಚೈನ್ ಅದಕ್ಕೆ ಎಡೆ ಕೊಡುತ್ತದೆ, ಮುಂದಿನ ರೋಲರ್ ತುದಿಗೆ ಹತ್ತುತ್ತದೆ. 800 ಸೆಂಟರಿಗೆ ಜೋಲು 16ರಿಂದ 32 ಮಿಮೀ ಒಳಗೆ ಇರಲಿ. ಬಿಗಿ ಬದಿ ಮೇಲೆ, ಸಡಿಲು ಬದಿ ಕೆಳಗೆ.

ಇನ್ನು ಹೊಸ ಡ್ರೈವ್. 13 ಹಲ್ಲನ್ನೇ ಸರಿಯಾಗಿ ಮಾಡಿಸಿದರೂ ನಡೆಯುತ್ತದೆ, ಆದರೆ ಜಾಗ ಇರುವಾಗ 17/51ಕ್ಕೆ ಹೋಗಿ. ಅನುಪಾತ ಅದೇ 3:1.

60 ಆರ್‌ಪಿಎಂನಲ್ಲಿ 2.2 ಕಿಲೋವ್ಯಾಟ್ ಎಂದರೆ 9550 × 2.2 ÷ 60 = 350 ನ್ಯೂಟನ್ ಮೀಟರ್. 13 ಹಲ್ಲಿನಲ್ಲಿ ಚೈನ್ ಎಳೆತ ಸುಮಾರು 6600 ನ್ಯೂಟನ್, 17ರಲ್ಲಿ (ಪಿಚ್ ಸರ್ಕಲ್ 138.23) 5070. 16ಬಿಯ ಮುರಿಯುವ ಬಲ 60 ಕಿಲೋನ್ಯೂಟನ್, ಅಂದರೆ ಸುಮಾರು 12 ಪಟ್ಟು. ಐಸ್ ಬ್ಲಾಕ್ ಬೀಳುವ ಹೊಡೆತಕ್ಕೆ 1.4ರಿಂದ ಭಾಗಿಸಿದರೂ 8ಕ್ಕಿಂತ ಮೇಲೆ ಉಳಿಯುತ್ತದೆ. ಗೇರ್‌ಬಾಕ್ಸಿನ ಬೇರಿಂಗಿಗೂ ಅಷ್ಟು ಭಾರ ಇಳಿಯಿತು. ಹಲ್ಲಿನ ಬಹುಭುಜ ಆಕಾರದಿಂದ ಬರುವ ವೇಗದ ಏರಿಳಿತ 13ರಲ್ಲಿ 2.9%, 17ರಲ್ಲಿ 1.7%. 3/4 ಇಂಚಿನ 12ಬಿಗೆ ಇಳಿಯುವ ಆಸೆ ಬೇಡ, ಅಲ್ಲಿ 17 ಹಲ್ಲಿಗೂ 4 ಪಟ್ಟು ಮಾತ್ರ ಸಿಗುತ್ತದೆ.

ಚೈನ್ ಉದ್ದ: 2 × 800 ÷ 25.4 = 62.99, ಅದಕ್ಕೆ (17+51)/2 = 34, ತಿದ್ದುಪಡಿ 0.93. ಒಟ್ಟು 97.92, ಅಂದರೆ 98 ಲಿಂಕ್. ಸಮ ಸಂಖ್ಯೆ ಬಂದದ್ದು ಅದೃಷ್ಟ, ಹಾಫ್ ಲಿಂಕ್ (ಬೆಸ ಸಂಖ್ಯೆ ಬಂದಾಗ ಸೇರಿಸುವ ಬಾಗಿದ ಲಿಂಕ್) ಬೇಡ. ಹಾಫ್ ಲಿಂಕ್ ಹಾಕಿದ ಜಾಗವೇ ಚೈನಿನ ಬಲಹೀನ ಜಾಗ. ಹಳೆಯ 90ಕ್ಕೆ ಹೊಸ 8 ಲಿಂಕ್ ಸೇರಿಸಿ ದುಡ್ಡು ಉಳಿಸಲು ಹೋಗಬೇಡಿ, ಒಂದೇ ಚೈನಿನಲ್ಲಿ ಎರಡು ಪಿಚ್ ಆಗುತ್ತದೆ.

17 ಹಲ್ಲಿನ ಡ್ರಾಯಿಂಗಿನಲ್ಲಿ ಇರಬೇಕಾದ್ದು: ಪಿಚ್ ಸರ್ಕಲ್ 138.23, ಹೊರ ಡಯಾ 151, ರೂಟ್ ಡಯಾ 122.35 (+0, −0.25), ವರ್ನಿಯರ್ ಅಳತೆ 121.76, 15.88 ಪಿನ್ ಇಟ್ಟರೆ ಹೊರಗೆ 153.52. ಕೊನೆಯ ಎರಡನ್ನು ದಪ್ಪ ಅಕ್ಷರದಲ್ಲಿ ಬರೆಸಿ. 51 ಹಲ್ಲಿಗೆ ಪಿಚ್ ಸರ್ಕಲ್ 412.60, ಹೊರ ಡಯಾ 427. ಚೈನ್ ಸುತ್ತಿದ ಮೇಲೆ ಸುಮಾರು 434, ನಿಮ್ಮ ಗಾರ್ಡಿಗೆ ಸಾಕು.

ಯೆಯ್ಯಾಡಿ ಟರ್ನರ್

17 ಹಲ್ಲು ಡಿವೈಡಿಂಗ್ ಹೆಡ್ಡಿನಲ್ಲೇ (ಸುತ್ತನ್ನು ಸಮ ಭಾಗ ಮಾಡುವ ಸಾಧನ) ಆಗುತ್ತದೆ: 2 ಸುತ್ತು, ಮತ್ತೆ 17 ರಂಧ್ರದ ವೃತ್ತದಲ್ಲಿ 6 ರಂಧ್ರ. ಪಿಚ್ ಸರ್ಕಲ್ ಮೇಲೆ 16 ಮಿಮೀ ಡ್ರಿಲ್ ಹೊಡೆದು ಮೇಲಿನದ್ದನ್ನು ಕತ್ತರಿಸಿ ತೆಗೆದರೆ ಸಾಕು. 51ಕ್ಕೆ ಎಲ್ಲ ಇಂಡೆಕ್ಸ್ ಪ್ಲೇಟಿನಲ್ಲೂ ರಂಧ್ರ ಸಿಗುವುದಿಲ್ಲ, ಅದನ್ನು ಸಿಎನ್‌ಸಿಗೋ ಲೇಸರಿಗೋ ಕೊಡುವುದು ಒಳ್ಳೆಯದು.

ಪಿಚ್‌ಲೈನ್

ಡ್ರಿಲ್ ವಿಷಯದಲ್ಲಿ ಒಪ್ಪುವುದಿಲ್ಲ. ರೋಲರ್ ಕೂರುವ ಗುಂಡಿಯ ತ್ರಿಜ್ಯ ಕನಿಷ್ಠ 0.505 × 15.88 = 8.02, ಗರಿಷ್ಠ 8.19. ಅಂದರೆ ಗುಂಡಿಯ ಡಯಾ 16.04ರಿಂದ 16.39. 16.0ರ ಕಟರ್ ನಿಖರವಾಗಿ ಕೊರೆದರೆ ಗುಂಡಿ ಇಕ್ಕಟ್ಟು, ರೋಲರ್ ತಳಕ್ಕೆ ಇಳಿಯದೆ ಎರಡು ಬದಿಗೆ ಸಿಕ್ಕಿಕೊಳ್ಳುತ್ತದೆ. 16.25 ತೆಗೆದುಕೊಳ್ಳಿ. ಆಗ ಕೇಂದ್ರವನ್ನು ಪಿಚ್ ಸರ್ಕಲ್ ಮೇಲೆಯೇ ಇಟ್ಟರೆ ಬುಡ 0.37 ಆಳಕ್ಕೆ ಹೋಗುತ್ತದೆ, ಟಾಲರೆನ್ಸ್ ಮೀರಿತು. ರಂಧ್ರದ ವೃತ್ತವನ್ನು 138.45 ಇಟ್ಟರೆ ರೂಟ್ 122.20 ಬರುತ್ತದೆ.

ರಂಧ್ರದಿಂದ ತುದಿಯವರೆಗೆ ನೇರ ಗರಗಸ ಹಾಕಿದರೆ ಹಲ್ಲು ಹಲ್ಲಿನಂತೆ ಇರುವುದಿಲ್ಲ, ಸವೆಯುವ ಮೊದಲೇ ಕೊಕ್ಕೆಯ ಆಕಾರ. ಗುಂಡಿಯ ಕಮಾನು 115ರಿಂದ 135 ಡಿಗ್ರಿ, ಅಲ್ಲಿಂದ ಮೇಲೆ ಹಲ್ಲಿನ ಬದಿ 36ರಿಂದ 60 ಮಿಮೀ ತ್ರಿಜ್ಯದ ಹೊರ ಉಬ್ಬಿದ ಕಮಾನು. ಚೈನ್ ಎಳೆದಂತೆ ರೋಲರ್ ಈ ಉಬ್ಬಿನ ಮೇಲೆ ಸ್ವಲ್ಪ ಸ್ವಲ್ಪವೇ ಮೇಲೆ ಕೂರಬೇಕು, ಅದಕ್ಕಾಗಿಯೇ ಆ ಆಕಾರ. ಸಣ್ಣದನ್ನು ವಿದ್ಯುತ್ ಕಿಡಿಯ ತಂತಿಯಲ್ಲಿ ಕತ್ತರಿಸುವ ವೈರ್‌ಕಟ್ ಮಾಡಿಸುವುದು ಎಲ್ಲಕ್ಕಿಂತ ಸುಲಭ.

ಹಲ್ಲಿನ ದಪ್ಪ 17.02 × 0.95 = 16.17ಕ್ಕಿಂತ ಹೆಚ್ಚಬಾರದು, ಕೆಳಗೆ 15.75ರವರೆಗೆ ನಡೆಯುತ್ತದೆ. 16ರ ಪ್ಲೇಟ್ ಕೆಲವೊಮ್ಮೆ 16.3 ಇರುತ್ತದೆ, ಫೇಸ್ ಕಟ್ ಹಾಕಿಸಿ. ತುದಿಯಲ್ಲಿ ಎರಡೂ ಬದಿ 3.3 ಮಿಮೀ ಸವರಿ ಇಳಿಜಾರು ಕೊಡಿಸಿ, ಇಲ್ಲದಿದ್ದರೆ ಅಲೈನ್‌ಮೆಂಟ್ ತುಸು ತಪ್ಪಿದರೂ ಪ್ಲೇಟ್ ಹಲ್ಲಿನ ಮೂಲೆಗೆ ಹತ್ತುತ್ತದೆ.

ಗುಣಮಟ್ಟ_ಮಣಿಪಾಲ

ಕೀ (ಚಕ್ರ ಶಾಫ್ಟಿನ ಮೇಲೆ ಜಾರದಂತೆ ಇಡುವ ಲೋಹದ ತುಂಡು) ಬಗ್ಗೆ ಯಾರೂ ಹೇಳಲಿಲ್ಲ. 40 ಶಾಫ್ಟಿಗೆ 12×8 ಕೀ, ಬಾಸಿನಲ್ಲಿ ಆಳ 3.3 ಮಿಮೀ. 350 ನ್ಯೂಟನ್ ಮೀಟರಿಗೆ ಕೀ ಬದಿಯ ಬಲ 17,500 ನ್ಯೂಟನ್. 35 ಉದ್ದದ ಬಾಸಿನಲ್ಲಿ ಒತ್ತಡ ಚದರ ಮಿಮೀಗೆ 150 ನ್ಯೂಟನ್ ದಾಟುತ್ತದೆ, ಎಂಎಸ್ ಬಾಸಿನಲ್ಲಿ ಕೀವೇ (ಕೀ ಕೂರುವ ಸೀಳು) ಅಗಲವಾಗುವುದು ಇದರಿಂದಲೇ. 55 ಉದ್ದ ಕೊಡಿ, 100ರ ಒಳಗೆ ಬರುತ್ತದೆ. ಬಾಸ್ ಡಯಾ 70 ಸಾಕು. ಉದ್ದವಾದ ಬಾಸನ್ನು ಹೊರಗೆ ಬಿಟ್ಟು, ಹಲ್ಲು ಗೇರ್‌ಬಾಕ್ಸ್ ಕಡೆಗೆ ಇರಲಿ, ಬೇರಿಂಗಿಗೆ ತೂಗು ಕಡಿಮೆ.

ವಸ್ತು: ಸಣ್ಣದು ಇಎನ್8 (ಮಧ್ಯಮ ಕಾರ್ಬನ್ ಉಕ್ಕು), 160ರ ರೌಂಡ್ ಬಾರಿನಿಂದ ಬಾಸ್ ಸಮೇತ ಒಂದೇ ತುಂಡು. ಎಂಎಸ್‌ನಲ್ಲಿ ಕಾರ್ಬನ್ ಸಾಲದು, ಕಾಯಿಸಿ ನೀರಿಗೆ ಹಾಕಿದರೂ ಗಟ್ಟಿಯಾಗುವುದಿಲ್ಲ. ಹಲ್ಲನ್ನು ಮಾತ್ರ ಇಂಡಕ್ಷನ್ ಅಥವಾ ಫ್ಲೇಮ್ ಹಾರ್ಡನ್ ಮಾಡಿಸಿ, ಗಡಸುತನ 45ರಿಂದ 50 ಹೆಚ್‌ಆರ್‌ಸಿ. ಮೊದಲು ಚೂಪು ಮೂಲೆ ಎಲ್ಲ ಮುರಿದಿರಬೇಕು, ಇಲ್ಲದಿದ್ದರೆ ಅಲ್ಲಿಂದ ಬಿರುಕು. ಬೋರಿನಲ್ಲಿ 0.3 ಬಿಟ್ಟು, ಹಾರ್ಡನ್ ಆದ ಮೇಲೆ ಫಿನಿಶ್ ಬೋರ್, ಕೀವೇ. ಬೋರಿಗೆ ಹೋಲಿಸಿದರೆ ಬುಡದ ಓಲಾಟ, ಅಂದರೆ ರನ್‌ಔಟ್ 0.18ರ ಒಳಗೆ ಇರಬೇಕು. ದೊಡ್ಡದರ ಹಲ್ಲಿಗೆ ಕೆಲಸ ಮೂರರಲ್ಲಿ ಒಂದು ಪಾಲು, ಅದು ಎಂಎಸ್ ಇದ್ದರೂ ಪರವಾಗಿಲ್ಲ.

ಮಲ್ಪೆ_ಮೆಂಟೆನೆನ್ಸ್

ಕರಗಿದ ನೀರು, ಬ್ರೈನ್ (ಉಪ್ಪು ನೀರು) ಎಲ್ಲ ಚೈನಿಗೆ ಸಿಡಿಯುತ್ತದೆ. ಸ್ಟೇನ್‌ಲೆಸ್ ಚೈನ್ ಹಾಕಿದರೆ ಹೇಗೆ? ಈಗ ಗ್ರೀಸ್ ಬಳಿಯುತ್ತಿದ್ದೇವೆ.

ಗುಣಮಟ್ಟ_ಮಣಿಪಾಲ

ಸ್ಟೇನ್‌ಲೆಸ್ ತುಕ್ಕಿಗೆ ಒಳ್ಳೆಯದು, ಹೊರೆಗೆ ಅಲ್ಲ. 304ರ ಪಿನ್ ಮತ್ತು ಬುಷ್ ಗಟ್ಟಿ ಮಾಡಲಿಕ್ಕಾಗುವುದಿಲ್ಲ, ಬೇಗ ಎಳೆಯುತ್ತದೆ, ಒಪ್ಪುವ ಹೊರೆಯೂ ಕಡಿಮೆ. ಮಾಮೂಲಿ 16ಬಿ ಹಾಕಿ, ಗಾರ್ಡಿನ ಮೇಲ್ಭಾಗ ಪೂರ್ತಿ ಮುಚ್ಚಿ, ತಳದಲ್ಲಿ ನೀರು ಇಳಿಯಲು ತೂತು ಬಿಡಿ.

ಗ್ರೀಸ್ ನಿಲ್ಲಿಸಿ. ಹೊರಗೆ ಮೆತ್ತಿಕೊಂಡು ಉಪ್ಪು ನೀರನ್ನು ಹಿಡಿದಿಡುತ್ತದೆ, ಸವೆಯುವ ಜಾಗಕ್ಕೆ ಇಳಿಯುವುದಿಲ್ಲ. ಸವೆಯುವುದು ಪಿನ್ ಮತ್ತು ಬುಷ್ ನಡುವೆ. ಎಸ್‌ಎಇ 40 ಎಣ್ಣೆಯನ್ನು ಸಡಿಲು ಬದಿಯ ಒಳಮೈಯಲ್ಲಿ, ಒಳ ಹೊರ ಪ್ಲೇಟುಗಳ ಸಂದಿಗೆ ಬ್ರಷ್ಷಿನಲ್ಲಿ ಕೊಡಿ. ಚೈನ್ ವೇಗ ಸೆಕೆಂಡಿಗೆ 0.43 ಮೀಟರ್, ಕೈಯಲ್ಲಿ ಕೊಟ್ಟರೆ ಸಾಕು. ತೊಳೆದ ದಿನ ಒಣಗಿದ ಮೇಲೆ ಇನ್ನೊಮ್ಮೆ. ಕೀಲುಗಳ ಸಂದಿಯಿಂದ ಕೆಂಪು ಪುಡಿ ಬರುತ್ತಿದ್ದರೆ ಒಳಗೆ ಎಣ್ಣೆ ಇಲ್ಲ ಎಂದೇ ಅರ್ಥ.

ಯೆಯ್ಯಾಡಿ ಟರ್ನರ್

16.25 ವಿಷಯ ಒಪ್ಪಿದೆ. ರಜೆ ಬರುವವರೆಗೆ ತಳ್ಳಬೇಕಾದರೆ ಈಗಿರುವ 13ನ್ನು ತೆಗೆದು ತಿರುಗಿಸಿ ಹಾಕಿ, ಸವೆಯದ ಬದಿ ಎಳೆತಕ್ಕೆ ಬರುತ್ತದೆ. ಬಾಸ್ ಒಂದೇ ಕಡೆ ಇರುವುದಾದರೆ ಶಾಫ್ಟಿನಲ್ಲಿ ಜಾಗ ಉಂಟೋ ನೋಡಿಕೊಳ್ಳಿ, ಎರಡು ಚಕ್ರಕ್ಕೂ ಒಂದೇ ನೂಲು ಹಿಡಿದು ನೇರ ಮಾಡಿ, ಜೋಲು ಎಳೆದು 25ಕ್ಕೆ ತನ್ನಿ.

ಮಲ್ಪೆ_ಮೆಂಟೆನೆನ್ಸ್

ಬಾಸ್ ಒಂದೇ ಕಡೆ, ಆದರೆ ಶಾಫ್ಟಿನಲ್ಲಿ ಜಾಗ ಉಂಟು. ತಿರುಗಿಸಿ ಹಾಕುತ್ತೇವೆ. 17ರ ಡ್ರಾಯಿಂಗಿಗೆ 121.76 ಸೇರಿಸಿ ವೈರ್‌ಕಟ್ಟಿಗೆ ಕೊಡುವುದು.