ಗಾಡಿಗೆ ‘ಗಾಳಿ ಹಿಡಿದದ್ದು’ ಸರಿಯೇ? ವೇಪರ್ ಲಾಕಿಗೆ ಕನ್ನಡದಲ್ಲಿ ಏನನ್ನಬೇಕು?

ಎಲ್ಲರಿಗೂ ನಮಸ್ಕಾರ. ಬಿಸಿಗೆ ಪೆಟ್ರೋಲ್ ಪೈಪಿನೊಳಗೇ ಆವಿಯಾಗಿ ಮುಂದೆ ಹೋಗದೆ ಗಾಡಿ ನಿಲ್ಲುವುದಕ್ಕೆ ವೇಪರ್ ಲಾಕ್ ಅನ್ನುತ್ತಾರೆ.

ನಮ್ಮ ಮನೆಯಲ್ಲಿ ಅಪ್ಪನ ಕಾಲದ ಅಂಬಾಸಿಡರ್ ಒಂದು ಉಂಟು. 1489 ಸಿಸಿಯ ಪೆಟ್ರೋಲ್ ಇಂಜಿನ್. ಕಳೆದ ಏಪ್ರಿಲಿನಲ್ಲಿ ಉಡುಪಿಯಿಂದ ಹೆಬ್ರಿ ದಾಟಿ ಆಗುಂಬೆ ಘಾಟಿ ಹತ್ತಿದೆವು. 14 ತಿರುವು ಮುಗಿಸಿ, ಸೂರ್ಯಾಸ್ತ ನೋಡುವ ಜಾಗದಲ್ಲಿ ಇಂಜಿನ್ ಆಫ್ ಮಾಡಿದೆ. ಹತ್ತು ನಿಮಿಷ ಬಿಟ್ಟು ನೋಡಿದರೆ ಸ್ಟಾರ್ಟೇ ಇಲ್ಲ. ಬಾನೆಟ್ ತೆಗೆದಿಟ್ಟು ಅರ್ಧ ಗಂಟೆ ಕಾದೆವು. ಆಮೇಲೆ ಏನೂ ಆಗಿಯೇ ಇಲ್ಲ ಎಂಬ ಹಾಗೆ ಹೊರಟಿತು.

ಊರಿಗೆ ಬಂದು ಗ್ಯಾರೇಜಿನಲ್ಲಿ ಹೇಳಿದರೆ “ಗಾಳಿ ಹಿಡಿದದ್ದು ಮಾರಾಯ್ರೆ” ಎಂದರು. ಇನ್ನೊಬ್ಬರು “ಓವರ್‌ಹೀಟ್” ಎಂದು ರೇಡಿಯೇಟರ್ ಬಿಚ್ಚಿದರು. ಅದಕ್ಕೆ ಏನೂ ಆಗಿರಲಿಲ್ಲ. ‘ಗಾಳಿ ಹಿಡಿದದ್ದು’ ಅಂದರೆ ಅಮ್ಮನಿಗೆ ಬೇರೆಯೇ ಅರ್ಥ. ಗಾಡಿಗೆ ನೂಲು ಕಟ್ಟಿಸು ಎಂದರು!

ಈ ಮಾತು ತೋಟದ ಪಂಪ್‌ಸೆಟ್ಟಿನಿಂದ ಬಂದಿರಬೇಕು. ಫುಟ್‌ವಾಲ್ವ್ ಸರಿಯಿಲ್ಲದೆ ಪೈಪಿನೊಳಗೆ ಗಾಳಿ ಸೇರಿದರೆ ನೀರು ಬರುವುದಿಲ್ಲ, ಅಲ್ವಾ? ಕಾರಿನಲ್ಲಿ ಹೊರಗಿನ ಗಾಳಿಯ ಪಾತ್ರವೇ ಇಲ್ಲ. ಪೆಟ್ರೋಲೇ ಪೈಪಿನೊಳಗೆ ಆವಿಯಾಗುತ್ತದೆ. ನೀರಿನ ಹಾಗೆ ಇದು ಕುದಿಯಲು 100 ಡಿಗ್ರಿ ಆಗಬೇಕಿಲ್ಲ. ಅದರ ಹಗುರ ಭಾಗ 40 ಡಿಗ್ರಿಯ ಆಸುಪಾಸಿನಲ್ಲೇ ಕುದಿಯಲು ಶುರು. ಪಂಪು ಎಳೆಯುವ ಕಡೆ ಒತ್ತಡ ಕಡಿಮೆ, ಅಲ್ಲಿ ಇನ್ನೂ ಬೇಗ. ಆವಿ ತುಂಬಿದ ಪಂಪು ಸುಮ್ನೆ ಬಡಿಯುತ್ತದೆ, ಪೆಟ್ರೋಲ್ ಮುಂದೆ ಹೋಗುವುದಿಲ್ಲ.

ಹಾಗಾದರೆ ಯಾವ ಪದ? ‘ಹಬೆ’ ಅಂದರೆ ನನಗೆ ಕಡುಬು ಬೇಯಿಸುವುದೇ ನೆನಪಾಗುತ್ತದೆ. ‘ಉಗಿ’ ಬೇಡ, ಬಾಯಿ ತಪ್ಪಿದರೆ ಕಷ್ಟ. ‘ಆವಿಗಟ್ಟು’ ಹೇಗೆ? ‘ಕಟ್ಟು’ ಇಲ್ಲಿ ಎರಡು ಕೆಲಸ ಮಾಡುತ್ತದೆ. ಹೆಪ್ಪುಗಟ್ಟುವಾಗ ಒಂದು ಕಡೆ ಸೇರುತ್ತದೆ, ಉಸಿರುಗಟ್ಟುವಾಗ ದಾರಿ ಮುಚ್ಚುತ್ತದೆ. ಪೈಪಿನಲ್ಲಿ ಎರಡೂ ಆಗುತ್ತವೆ. “ಪೆಟ್ರೋಲ್ ಆವಿಗಟ್ಟಿತು” ಎಂದರೆ ನನ್ನ ಕಿವಿಗೆ ಹಿತವಾಗಿದೆ.

ಆದರೆ ಇನ್ನೊಂದು ತೊಡಕು ಉಂಟು. ಈ ಇಂಜಿನಿನಲ್ಲಿ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರ್ ಕೂತಿರುವುದು ಬಿಸಿ ಹೊಗೆ ಹೋಗುವ ಕೊಳವೆಯ (ಮ್ಯಾನಿಫೋಲ್ಡ್) ಮೇಲ್ಗಡೆ. ಇಂಜಿನ್ ನಿಂತರೆ ಫ್ಯಾನೂ ಇಲ್ಲ, ನೀರೂ ಓಡುವುದಿಲ್ಲ. ಕೆಳಗಿನ ಕಾವು ಏರಿ ಕಾರ್ಬುರೇಟರಿನೊಳಗಿನ ಪೆಟ್ರೋಲ್ ಕುದಿದು ಇಂಜಿನಿನೊಳಗೆ ಚೆಲ್ಲುತ್ತದೆ. ಆಗುಂಬೆಯಲ್ಲಿ ಆದದ್ದು ಇದೇ ಇರಬೇಕು, ಪೆಟ್ರೋಲ್ ವಾಸನೆ ಜೋರಾಗಿತ್ತು. ಪೈಪಿನಲ್ಲಿ ಆವಿಗಟ್ಟಿದರೆ ಪೆಟ್ರೋಲ್ ಬಾರದ್ದು, ಇಲ್ಲಿ ಜಾಸ್ತಿಯಾದದ್ದು. ಎರಡನ್ನೂ ವೇಪರ್ ಲಾಕ್ ಅನ್ನುವವರಿದ್ದಾರೆ. ಮದ್ದು ಮಾತ್ರ ಬೇರೆ. ಮೊದಲನೆಯದಕ್ಕೆ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಬಹುದು, ಪೈಪನ್ನು ಬಿಸಿಯಿಂದ ದೂರ ಸರಿಸಬಹುದು. ಎರಡನೆಯದಕ್ಕೆ ಕಾರ್ಬುರೇಟರಿನ ಕೆಳಗೆ ಕಾವು ತಡೆಯುವ ದಪ್ಪ ಬೇಕಲೈಟ್ ಪ್ಯಾಕಿಂಗ್, ಒಂದು ತಗಡಿನ ಮರೆ. ಆ ಹೊತ್ತಿಗೆ ಸ್ಟಾರ್ಟ್ ಆಗಬೇಕಾದರೆ ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿಯಬೇಕು.

ಈ ಎರಡನೆಯದಕ್ಕೆ ಹಾಲಿನ ಹಾಗೆ ‘ಉಕ್ಕಿತು’ ಅನ್ನಬಹುದೇ? ಗ್ಯಾರೇಜಿನಲ್ಲಿ ‘ಉಕ್ಕು’ ಅಂದರೆ ಸ್ಟೀಲ್ ಅಂದುಕೊಂಡಾರು ಎಂಬ ಅನುಮಾನ ಬೇರೆ. ತುಳುವಿನಲ್ಲಿ ಕುದಿಗೆ ‘ಕೊದಿ’ ಉಂಟು, ಇಲ್ಲಿಯ ಮೆಕ್ಯಾನಿಕ್‌ಗಳಿಗೆ ಅದೇ ಹತ್ತಿರ.

ಘಟ್ಟದ ಮೇಲೆ ಹಳೇ ಜೀಪು, ಲಾರಿ ಓಡಿಸಿದವರ ಬಾಯಲ್ಲಿ ಬೇರೆ ಮಾತಿದ್ದರೆ ದಯವಿಟ್ಟು ಬರೆಯಿರಿ. ‘ಬಾಷ್ಪಾವರೋಧ’ದಂಥದ್ದು ಮಾತ್ರ ಬೇಡ. ಗ್ಯಾರೇಜಿನಲ್ಲಿ ಅದನ್ನು ಹೇಳುವ ಧೈರ್ಯ ನನಗಿಲ್ಲ.